ಫೋಟೋ ಇಲ್ಲದೆ ಆರೋಪ ಬೇಡ

ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಸರ್ ಹಾಕಿದ್ದ ಮೆಸೇಜನ್ನು ನಾನು ಡಿಲೀಟ್ ಮಾಡಿದೆ. ಮೂರೇ ನಿಮಿಷದಲ್ಲಿ ಅವರ ಫೋನ್ ಬಂತು. ನನಗಲ್ಲ, ಅಪ್ಪನಿಗೆ.

"ನಿಮ್ಮ ಮಗಳು ನನ್ನ ಮಾತು ಅಳಸ್ಯಾಳ್ರಿ. ನಾ ಏನರ ಹೊಲಸು ಬರ್ದಿದ್ನೇನ್ರಿ?"

ಅಪ್ಪ ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನನ್ನೇ ನೋಡಿದರು. ಬೀದರಿನಲ್ಲಿ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಆಗುವುದೆಂದರೆ ಇದು. ದೊಡ್ಡ ಊರುಗಳಲ್ಲಿ ಸಿಟ್ಟಾದವರು ಗ್ರೂಪ್ ಬಿಟ್ಟು ಹೋಗುತ್ತಾರಂತೆ. ನಮ್ಮಲ್ಲಿ ಮನೆಗೇ ಬರುತ್ತಾರೆ. (ಚಹಾ ಕುಡಿಯುತ್ತಾರೆ. ಆಮೇಲೆ ಬೈಯುತ್ತಾರೆ.)

ಚಿದ್ರಿ ಬಡಾವಣೆಯ ನಮ್ಮ ಓಣಿಯ ಹದಿನಾಲ್ಕು ಮನೆಗಳಿಗೆಂದು ನಾನು ಶುರು ಮಾಡಿದ ಗ್ರೂಪ್ ಅದು. ನಳಕ್ಕೆ ನೀರು ಬಂದರೆ ಮೊದಲು ನೋಡಿದವರು ತಿಳಿಸಬೇಕು, ಅಷ್ಟೇ ಕೆಲಸ. ಮಳೆ ಕೈಕೊಟ್ಟ ಎರಡನೇ ವರ್ಷ ಇದು. ನೀರು ಎಂಟು ದಿನಕ್ಕೊಮ್ಮೆ, ಕೆಲವು ಸಲ ಹತ್ತು. ಊರಿನದೇ ಇನ್ನೊಂದು ಬಡಾವಣೆ ಮೈಲೂರಿನವರು ಸೇರಿದರು. ಬೀದರಿನಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟ ಭಾಲ್ಕಿಯವರು ಸೇರಿದರು. ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋದ ಔರಾದ ಕಡೆಯವರೂ ಸೇರಿದರು, ಇಲ್ಲಿ ಬಿಟ್ಟು ಹೋದ ಹೆಂಡತಿ ಮಕ್ಕಳಿಗೆ ನೀರು ಸಿಕ್ಕಿತೋ ಇಲ್ಲವೋ ಅಲ್ಲಿಂದಲೇ ತಿಳಿಯಲು.

ಗ್ರೂಪ್ ಬೆಳೆಯಿತು. ಮಾತು ಕೆಟ್ಟಿತು. "ಪಾನಿ ಆಯಾ ಕ್ಯಾ?", ನೀರು ಬಂತೇ, ಎಂದಷ್ಟೇ ಕೇಳುತ್ತಿದ್ದ ಜಾಗದಲ್ಲಿ ಇವನು ಕಳ್ಳ, ಅವನು ಲಂಚ ಕೊಟ್ಟವ. ಎಲ್ಲ ಬೈಗುಳಕ್ಕೂ ಕೊನೆಯಲ್ಲಿ ಒಂದು 'ರಿ' ಬೇರೆ. ಬೇಸತ್ತು ನಾನೊಂದು ನಿಯಮ ಬರೆದೆ: ಫೋಟೋ ಇಲ್ಲದೆ ಆರೋಪ ಬೇಡ. ಬಹಳ ಯೋಚಿಸಿ ಬರೆದ ವಾಕ್ಯ. ನಾಲ್ಕು ದಿನ ಗ್ರೂಪ್ ತಣ್ಣಗಿತ್ತು. ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಐದನೇ ದಿನ ಬೆಳಿಗ್ಗೆ ಸರ್ ಫೋಟೋ ಹಾಕಿದರು. ಮೈಲೂರಿನಲ್ಲಿ ಅವರ ಎದುರು ಮನೆ. ಗೇಟು, ನಳ, ನಳಕ್ಕೆ ಕೂಡಿಸಿದ ಮೋಟಾರ್, ಪಕ್ಕದಲ್ಲಿ ಕೊಡ ಹಿಡಿದು ನಿಂತ ಹೆಂಗಸು. ಮುಖ ಸ್ಪಷ್ಟ. 'ಲೈನಿನ ನೀರೆಲ್ಲ ಇವರೇ ಎಳೆಯುತ್ತಿದ್ದಾರೆ' ಎಂಬ ಒಂದು ಸಾಲು. ಕೆಳಗೆ ಶುರುವಾಯಿತು. "ನಡ್ರಿ, ಹೋಗಿ ಕೇಳಮು." "ಮೋಟಾರ್ ಒಡ್ದು ಹಾಕ್ರಿ." ಭಾಲ್ಕಿಯಲ್ಲಿರುವ ಆ ಮನೆಯ ಮಾಲಕರು ಬರೆದರು: "ನನಗ ಗೊತ್ತೇ ಇರಲಿಲ್ಲ. ನಾಳಿಗೇ ಖೋಲಿ ಖಾಲಿ ಮಾಡಸ್ತೇನಿ."

ನಾನು ಡಿಲೀಟ್ ಒತ್ತಿದ್ದು ಆಗ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಬೇರೆ ಮೂರು ಗ್ರೂಪಿಗೆ ಹೋಗಿತ್ತು.

ಅಪ್ಪನ ಕೈಯಿಂದ ಫೋನ್ ತಗೊಂಡೆ. "ಸರ್, ಹೆಂಗಸರ ಫೋಟೋ ಹಾಕಬಾರದಿತ್ತು."

"ಫೋಟೋ ಹಾಕ್ರಿ ಅಂತ ನಿಯಮ ಬರ್ದಾಕಿ ನೀನೇ ಹೌದಲ್ಲವ್ವಾ?"

ಅವರೇ ಮುಂದುವರಿಸಿದರು: "ನಮ್ಮ ನಳದಾಗ ನಿನ್ನೆ ಒಂದು ಕೊಡ ಬರ್ಲಿಲ್ಲ. ನಿಮ್ಮ ಕಾಕಿ ಮೊಣಕಾಲು ಹಿಡ್ಕೊಂಡು ಆ ತುದಿ ಓಣಿಗಿ ಹೋಗ್ಯಾಳ. ನಾ ಹ್ಯಾಂಗ ಸುಮ್ನ ಇರ್ಲಿ?"

ಅದೂ ಸುಳ್ಳಲ್ಲ. ಅವರ ಹೆಂಡತಿಯ ಮೊಣಕಾಲು ನೋವು ನನಗೂ ಗೊತ್ತಿತ್ತು.

ಸ್ವಲ್ಪ ಹೊತ್ತಿಗೆ ಇನ್ನೊಂದು ಕರೆ. ಫೋಟೋದಲ್ಲಿದ್ದ ಹೆಂಗಸು. ರುಕ್ಮಿಣಿ ಎಂದಿಟ್ಟುಕೊಳ್ಳಿ. ಊರು ಔರಾದ ಹತ್ತಿರ. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ. ಈಕೆ ಮಗಳೊಂದಿಗೆ ಬಾಡಿಗೆಗೆ ಒಂದು ಖೋಲಿ ಹಿಡಿದು ಉಳಿದದ್ದು ಮಗಳ ಹತ್ತನೇ ಕ್ಲಾಸಿನ ಪರೀಕ್ಷೆಗಾಗಿ. ಪರೀಕ್ಷೆಗೆ ಹದಿನೆಂಟು ದಿನ ಇತ್ತು.

"ಹೌದ್ರಿ ಅಕ್ಕಾರ, ಮೋಟಾರ್ ಹಚ್ಚೀನಿ. ಸುಳ್ಳು ಹೇಳಂಗಿಲ್ಲ. ಆದ್ರ ಮೋಟಾರ್ ನಮ್ದಲ್ರಿ, ಮಾಲಕರೇ ಕೂಡ್ಸಿ ಕೊಟ್ಟಾರ."

"ಹಾಗಾದರೆ ಅದನ್ನೇ ಗ್ರೂಪಿನಲ್ಲಿ ಹೇಳ್ತೀನಿ."

"ಬ್ಯಾಡ್ರಿ! ನಿಮ್ಮ ಕಾಲಿಗಿ ಬೀಳ್ತೇನಿ. ಅವ್ರ ಹೆಸರು ಬಂದ್ರ ನಾಳಿ ತನಕನೂ ಇಡಂಗಿಲ್ಲ, ಈಗೇ ಹೊರಗ ಹಾಕ್ತಾರ." ಆಮೇಲೆ ಕೇಳಿದಳು: "ನಿಮ್ಮನ್ಯಾಗ ಮೋಟಾರ್ ಇಲ್ಲೇನ್ರಿ?"

ಇದೆ. ನಮ್ಮ ಅಂಗಳದಲ್ಲಿ, ತಗಡಿನ ಡಬ್ಬಿಯ ಕೆಳಗೆ. ಸದ್ದು ಕೇಳಬಾರದೆಂದು ಮೇಲೊಂದು ಗೋಣಿಚೀಲ. ನೀರು ಬಂದ ದಿನ ಸ್ವಿಚ್ ಹಾಕುವವಳು ನಾನೇ. ನಿಯಮ ಬರೆಯುವಾಗ ಅದು ನೆನಪಾಗಿರಲಿಲ್ಲವೇ? ಆಗಿತ್ತು ಅನಿಸುತ್ತದೆ. ಆದರೆ ನಮ್ಮ ಗೇಟು ಯಾವಾಗಲೂ ಮುಚ್ಚಿರುತ್ತದೆ. ಫೋಟೋಗೆ ಸಿಗುವುದು ಗೇಟೇ ಮುಚ್ಚಲಾಗದ ಬಾಡಿಗೆ ಮನೆಗಳು.

ನಿಜ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಮೈಲೂರಿನಲ್ಲಿ ಆಕೆಯ ಗೇಟಿನ ಮುಂದೆ ಆಗಲೇ ಐದಾರು ಜನ ಸೇರಿದ್ದಾರೆಂದು ಗ್ರೂಪಿನಲ್ಲಿ ಬಂತು. ನಾನು ಅಂಗಳಕ್ಕೆ ಹೋದೆ. ಗೋಣಿಚೀಲ ತೆಗೆದೆ, ಡಬ್ಬಿ ಎತ್ತಿದೆ.

"ಏನ್ ಮಾಡ್ಲತ್ತಿ?" ಅಪ್ಪ ಬಾಗಿಲಲ್ಲೇ ನಿಂತಿದ್ದರು.

"ಫೋಟೋ ತೆಗೀತಿದ್ದೀನಿ. ಗ್ರೂಪಿಗೆ."

"ನಗರಸಭೆದವ್ರೂ ಅದೇ ಗ್ರೂಪಿನಾಗ ಹಾರ. ಮೋಟಾರ್ ಕಿತ್ಕೊಂಡು ಹೋಗ್ತಾರ. ಮನಿ ಮರ್ಯಾದಿ ನೀನೇ ತೆಗಿ, ಹೊರಗಿನವ್ರು ಯಾಕ ಬೇಕು?"

ನನ್ನ ಡಿಪಿಗೆ ಸಹ ಸ್ವಂತ ಫೋಟೋ ಇಟ್ಟವಳಲ್ಲ ನಾನು. ಆದರೂ ಕಳಿಸಿದೆ. 'ಚಿದ್ರಿ. ಅಡ್ಮಿನ್ ಮನೆ. ನಮ್ಮ ಮೋಟಾರ್. ಮೊದಲು ಇಲ್ಲಿಗೆ ಬನ್ನಿ.'

ಒಂದು ನಿಮಿಷ, ಎರಡು, ಐದು. ಮೇಲಿನ ಸಾಲಿನಲ್ಲಿ ಯಾರೋ ಟೈಪ್ ಮಾಡುತ್ತಿದ್ದರು, ನಿಲ್ಲಿಸುತ್ತಿದ್ದರು. ಆಮೇಲೆ ನಮ್ಮ ಓಣಿಯ ಖಾಲಾ, ಪಕ್ಕದ ಮನೆಯವರು, ಒಂದು ಫೋಟೋ ಹಾಕಿದರು. "ಹಮಾರೆ ಘರ್ ಮೇ ಭಿ ಹೈ, ಬೇಟಿ." ನಮ್ಮನೆಯಲ್ಲೂ ಇದೆ, ಮಗಳೇ. ಅದರ ಹಿಂದೆ ಇನ್ನೊಂದು. ಮತ್ತೊಂದು. ಹತ್ತಿಪ್ಪತ್ತು ಜನ ಸದ್ದಿಲ್ಲದೆ ಗ್ರೂಪ್ ಬಿಟ್ಟರು. (ಅವರ ಮನೆಯಲ್ಲಿ ಏನಿತ್ತೆಂದು ನಾನು ಊಹಿಸುವುದಿಲ್ಲ.)

ಕೊನೆಗೆ ಸರ್ ಬರೆದರು: "ನಮ್ಮನ್ಯಾಗ ಮೋಟಾರ್ ಇಲ್ಲ. ಆದರೂ ಎದುರು ಮನಿ ಕೂಸು ನನ್ನ ಮನಿಗೇ ಲೆಕ್ಕ ಬಿಡಸ್ಲಾಕ ಬರ್ತದ, ಪರೀಕ್ಷೆ ಬರೀಲಿ. ಗೇಟಿನ ಮುಂದ ನಿಂತವ್ರು ಮನಿಗಿ ನಡ್ರಿ." ಜನ ಹೋದರು. ಸರ್ ಅವರ ಮಾತನ್ನು ಭಾಲ್ಕಿಯ ಮಾಲಕರಿಗೂ ಮೀರಲಾಗಲಿಲ್ಲ.

ರುಕ್ಮಿಣಿ ಉಳಿದಳು. ಮಗಳು ಪರೀಕ್ಷೆ ಬರೆದಳು. ನಮ್ಮ ಮೋಟಾರ್? ನಗರಸಭೆಯವರು ಯಾರೂ ಬರಲಿಲ್ಲ. ಮುಂದಿನ ಸರದಿಯಲ್ಲಿ ಅಪ್ಪ ಹಚ್ಚಲಿಲ್ಲ. ಅದರ ಮುಂದಿನ ಸಲ ಹಚ್ಚಿದರು. ಆ ದಿನ ಸರ್ ಮನೆಗೆ ನೀರು ಬಂತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹೋದ ವಾರ ತಾಯಿ ಮಗಳು ಇಬ್ಬರೂ ಪುಣೆಗೆ ಹೊರಟರು. "ಈಗ ಬೇಕಾದ್ರ ಬರೀರಿ ಅಕ್ಕಾರ," ಅಂದಳು. ಅದಕ್ಕೇ ಬರೆದೆ.

ಮಾಲಕರು ಅಂದು ಹಾಕಿದ ಕೊನೆಯ ಮೆಸೇಜ್ ಗ್ರೂಪಿನಲ್ಲಿ ಇನ್ನೂ ಇದೆ: "ಪಾಪ, ಬಡವ್ರು, ತಪ್ಪು ಮಾಡ್ಯಾರ. ಮಾಫ್ ಮಾಡೇನಿ, ಇರ್ಲಿ." ಅದರ ಕೆಳಗೆ ಮುಗಿದ ಕೈಗಳು, ಸಾಲು ಸಾಲು ಗುಲಾಬಿ ಹೂಗಳು. ಬೈಗುಳವಿಲ್ಲ, ಆರೋಪವಿಲ್ಲ, ಯಾರ ಫೋಟೋವೂ ಇಲ್ಲ.

ನೀವೇ ಹೇಳಿ, ಯಾವ ನಿಯಮ ತೋರಿಸಿ ನಾನದನ್ನು ಡಿಲೀಟ್ ಮಾಡಲಿ?