ಪೆಟ್ಟಿಗೆಯಣ್ಣನ ಹನ್ನೆರಡು ಸ್ಕ್ರೂ

ಕರ… ಕರ ಕರ… ಕರ.

ಮೊದಲಿಗೆ ಪೆಟ್ಟಿಗೆಯಣ್ಣ ತನ್ನ ಕಿವಿಯನ್ನೇ ಅನುಮಾನಿಸಿದ. ನಲವತ್ತು ವರ್ಷ ಗರಗಸದ ಜೊತೆ ಸಂಸಾರ ಮಾಡಿದ ಕಿವಿ. ಒಮ್ಮೊಮ್ಮೆ ಇಲ್ಲದ್ದೂ ಕೇಳಿಸುತ್ತಿತ್ತು. ಸಭಾಂಗಣ ಇನ್ನೂ ಖಾಲಿಯಿತ್ತು. ವೇದಿಕೆಯ ಪಕ್ಕ, ಹನ್ನೊಂದು ತಿಂಗಳು ಸಮುದ್ರದಾಚೆ ಇದ್ದು ಮರಳಿದ್ದ ಮರದ ಪೆಟ್ಟಿಗೆಯೊಂದು ಕೂತಿತ್ತು. ಎಲ್ಲರ ಕಣ್ಣಿಗೂ ಬೀಳುವಂತೆ ಅದರಡಿಗೆ ಒಂದು ಮಣೆ ಕೊಡಬೇಕೆಂದು ಅವನನ್ನು ಬೆಳಿಗ್ಗೆಯೇ ಕರೆಸಿದ್ದರು. ಬಾಗಿ ಕಿವಿಯಿಟ್ಟ. ಕರ ಕರ. ಸದ್ದು ಮರದ್ದಲ್ಲ, ಒಳಗಿನದು. ತಲೆಯೆತ್ತಿ ಮುಚ್ಚಳದ ಹನ್ನೆರಡು ಸ್ಕ್ರೂಗಳನ್ನು ನೋಡಿದ. ಆಮೇಲೆ ತಂದಿದ್ದ ಮಣೆಯ ಮೇಲೆ ತಾನೇ ಕೂತುಬಿಟ್ಟ.

ಊರಿನಲ್ಲಿ ದೂರದೇಶ ವ್ಯಾಪಾರ ಸಂಘ ಹುಟ್ಟಿ ಒಂಬತ್ತು ವರ್ಷವಾಗಿತ್ತು. ನಮಗೂ ಸಮುದ್ರದ ಆ ತುದಿಯ ದೇಶಕ್ಕೂ ನಡುವೆ ವಿಪುಲ ಅವಕಾಶಗಳಿವೆಯೆಂದು ಯಾರೋ ಕಂಡುಹಿಡಿದ ದಿನ ಅದು ಹುಟ್ಟಿದ್ದು. ಎರಡೂ ಕಡೆ ಬಿಸಿಲು ಒಂದೇ, ಬೆಳೆ ಒಂದೇ, ಜೇಬು ಬರಿದಾಗಿರುವುದೂ ಒಂದೇ. ಇಷ್ಟು ಹೊಂದಿಕೆ ಗಂಡ ಹೆಂಡಿರಲ್ಲೂ ಸಿಗದು ಎಂದು ಅಧ್ಯಕ್ಷರು ಪ್ರತಿವರ್ಷ ಹೇಳುತ್ತಿದ್ದರು. ನಿಯೋಗಗಳು ಹೋದವು, ನಿಯೋಗಗಳು ಬಂದವು. ಕೈಕುಲುಕಿದ ಫೋಟೋಗಳು ಗೋಡೆ ಸಾಲದೆ ಮೆಟ್ಟಿಲ ಪಕ್ಕಕ್ಕೂ ಇಳಿದವು. ಸರಕು ಮಾತ್ರ ಮಾದರಿಗಿಂತ ಮುಂದೆ ಹೋಗಲಿಲ್ಲ. ಇಲ್ಲಿಂದ ಮಾದರಿ ಹೋಗುತ್ತಿತ್ತು, ಅಲ್ಲಿಂದ ಮಾದರಿ ಬರುತ್ತಿತ್ತು. ಮಾದರಿಗೆ ಪೆಟ್ಟಿಗೆ ಬೇಕಲ್ಲ. ಹೀಗೆ ಎರಡು ದೇಶಗಳ ವ್ಯಾಪಾರದಿಂದ ನಿಜಕ್ಕೂ ಹೊಟ್ಟೆ ತುಂಬಿದ್ದು ಪೆಟ್ಟಿಗೆಯಣ್ಣನೊಬ್ಬನದೇ.

ಅವನ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಮುಚ್ಚಳ ಬಿಗಿದ ಮೇಲೆ ಪ್ರತಿ ಸ್ಕ್ರೂವಿನ ತಲೆಯ ಗೀಟನ್ನೂ ಉದ್ದಕ್ಕೆ, ನೆಟ್ಟಗೆ ನಿಲ್ಲಿಸುತ್ತಿದ್ದ. ಕೆಲಸ ಕಲಿಸಿದ ದೊಡ್ಡಪ್ಪ ಹೇಳಿಕೊಟ್ಟದ್ದು. ಬಿಚ್ಚಿದವನು ಮತ್ತೆ ಬಿಗಿಯಬಹುದು, ಗೀಟು ಹೊಂದಿಸುವ ತಾಳ್ಮೆ ಅವನಿಗೆ ಎಲ್ಲಿಂದ ಬರಬೇಕು? ಹಾಗಾಗಿ ಮರಳಿ ಬಂದ ಪೆಟ್ಟಿಗೆಯ ತಲೆ ನೋಡಿದರೆ ಸಾಕು, ಅದರ ಜಾತಕ ಅವನಿಗೆ ತಿಳಿಯುತ್ತಿತ್ತು. ಒಂಬತ್ತು ವರ್ಷದಲ್ಲಿ ಒಂದನ್ನೂ ಆ ದೇಶದಲ್ಲಿ ಯಾರೂ ಬಿಚ್ಚಿರಲಿಲ್ಲ. ಮದುವೆಗೆ ಹೋಗಿ ಬಾಗಿಲಲ್ಲೇ ಕೂತು ಬಂದ ನೆಂಟರ ಹಾಗೆ, ಬಂದರಿನ ಗೋದಾಮನ್ನಷ್ಟೇ ನೋಡಿಕೊಂಡು ಬರುತ್ತಿದ್ದವು. ಊಟಕ್ಕೆ ಕೂತಾಗ ಅದನ್ನು ಹೇಳಿ ಹೆಂಡತಿಯನ್ನು ನಗಿಸುತ್ತಿದ್ದ. ಹೊರಗೆ ಬಾಯಿ ಬಿಡಲಿಲ್ಲ. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುವುದುಂಟೇ? ಮೂರು ವರ್ಷದ ಹಿಂದೆ ಚಪ್ಪಲಿ ಹೊಲಿಯುವವನೊಬ್ಬ ಸಂಘದ ವರದಿ ನಂಬಿ, ದೊಡ್ಡ ಬೇಡಿಕೆ ಬರುತ್ತದೆಂದು ಅಂಗಡಿ ಮುಚ್ಚಿ ಕಾರ್ಖಾನೆಗೆ ಜಾಗ ಹುಡುಕಿದ. ಈಗ ಬೇರೆಯವರ ಅಂಗಡಿಯ ಬಾಗಿಲಲ್ಲಿ ಕಾವಲು ಕೂರುತ್ತಾನೆ. ಅಂದಿನಿಂದ ಪೆಟ್ಟಿಗೆಯಣ್ಣ ಆ ಬೀದಿಯನ್ನು ಬಿಟ್ಟು ಸುತ್ತುಹಾಕಿ ನಡೆಯುತ್ತಿದ್ದ.

ಇಂದಿನ ಪೆಟ್ಟಿಗೆ ಅವನ ತಂಗಿಯದು. ಅದರ ಹನ್ನೆರಡು ಗೀಟೂ ಅವನು ನಿಲ್ಲಿಸಿದಂತೆಯೇ ನೆಟ್ಟಗಿದ್ದವು. ಗಂಡ ತೀರಿಕೊಂಡ ಮೇಲೆ ಅವಳು ಒಂದು ತಗಡಿನ ಶೆಡ್ಡಿನಲ್ಲಿ, ನಾಲ್ವರು ಹೆಂಗಸರನ್ನು ಜೊತೆಗಿಟ್ಟುಕೊಂಡು, ಕೈಯಿಂದ ತಿರುಗಿಸಿ ಮೆಕ್ಕೆಜೋಳ ಬಿಡಿಸುವ ಪುಟ್ಟ ಯಂತ್ರ ಮಾಡುತ್ತಿದ್ದಳು. ಊರಿನ ಅಂಗಡಿಗಳಲ್ಲಿ ಅದು ತಕ್ಕಮಟ್ಟಿಗೆ ಓಡುತ್ತಿತ್ತು. ಮಾದರಿಯ ಜೊತೆ, ತಿರುಗಿಸಿ ತೋರಿಸಲೆಂದು ಹತ್ತು ಒಣ ತೆನೆಗಳನ್ನೂ ಅವಳೇ ಕೈಯಾರೆ ಇಟ್ಟಿದ್ದಳು. ಇವತ್ತು ವರದಿ ಓದಿದ ಮೇಲೆ ಅವಳು ಒಂದು ಕಾಗದಕ್ಕೆ ಸಹಿ ಹಾಕುವುದಿತ್ತು. ಊರಿನ ಅಂಗಡಿಗಳನ್ನೆಲ್ಲ ಇನ್ನೊಬ್ಬ ತಯಾರಕನಿಗೆ, ಅಂದರೆ ಅಧ್ಯಕ್ಷರ ಷಡ್ಡಕನಿಗೆ, ಬಿಟ್ಟುಕೊಟ್ಟು, ತಾನು ಇನ್ನು ಆ ದೂರದೇಶಕ್ಕೆ ಮಾತ್ರ ಮಾಡಿಕೊಡುವುದಾಗಿ.

ಜನ ಬರತೊಡಗಿದರು. ತಂಗಿಯೂ ಬಂದಳು. ತಲೆ ನೀಟಾಗಿ ಬಾಚಿದ್ದಳು. ಬೆರಳ ಸಂದಿಯ ಗ್ರೀಸು ಮಾತ್ರ ಹೋಗಿರಲಿಲ್ಲ. ಅವಳನ್ನು ಕಿಟಕಿಯ ಬಳಿಗೆ ಕರೆದ.

“ಇವತ್ತು ಸಹಿ ಬೇಡ ಕಣೆ. ಒಂದು ವಾರ ತಡಿ.”

“ಯಾಕಣ್ಣ?”

ಯಾಕೆಂದರೆ ಸ್ಕ್ರೂ ಎನ್ನಬೇಕು. ಸ್ಕ್ರೂ ಎಂದರೆ ಒಂಬತ್ತು ವರ್ಷದ ಮಾತು ಬರುತ್ತದೆ. ಅದರ ಹಿಂದೆಯೇ ಚಪ್ಪಲಿಯವನು ಬಂದು ನಿಲ್ಲುತ್ತಾನೆ.

“ಸುಮ್ನೆ ಹೇಳ್ದೆ.”

“ಚಿಕ್ಕೋಳಿದ್ದಾಗ ನಾನು ಮರ ಹತ್ತಿದ್ರೆ ಕೆಳಗೆ ನಿಂತು ಹೀಗೇ ಮುಖ ಮಾಡ್ತಿದ್ದೆ ನೀನು,” ಎಂದು ಅವಳು ನಕ್ಕಳು. “ನಿನ್ನ ಪೆಟ್ಟಿಗೆ ಸಮುದ್ರ ದಾಟಿ ಬಂತು. ನಾನು ಊರು ದಾಟಬಾರದಾ?”

ಕಾರ್ಯದರ್ಶಿ ವರದಿ ಓದಿದರು. ನಿಯೋಗ ಅಲ್ಲಿ ನಾಲ್ಕು ದಿನ ಇತ್ತಂತೆ. ಎರಡು ದಿನ ಅವಕಾಶಗಳ ಬಗ್ಗೆ ಚರ್ಚೆ, ಒಂದು ದಿನ ಆ ಚರ್ಚೆಯ ಬಗ್ಗೆ ಚರ್ಚೆ, ಕೊನೆಯ ದಿನ ಸಮುದ್ರತೀರ. ಈ ನಡುವೆ ಯಂತ್ರವನ್ನು ಅಲ್ಲಿನ ರೈತರ ಮುಂದೆ ತಿರುಗಿಸಲಾಗಿ, ಹತ್ತು ತೆನೆಗಳೂ ಎರಡೇ ನಿಮಿಷದಲ್ಲಿ ಬರಿದಾಗಿ, ರೈತರು ಮೂಗಿನ ಮೇಲೆ ಬೆರಳಿಟ್ಟರಂತೆ. ಚಪ್ಪಾಳೆ ಬಿತ್ತು. ತಂಗಿಯ ಕಣ್ಣು ತುಂಬಿತು. ಚಪ್ಪಾಳೆ ನಿಂತದ್ದೇ ತಡ, ಪೆಟ್ಟಿಗೆಯೊಳಗಿಂದ ಮತ್ತೆ ಕರ ಕರ ಎಂದಿತು. ಒಂಬತ್ತು ವರ್ಷದಲ್ಲಿ ಸಂಘದ ಮಾದರಿಯೊಂದನ್ನು ಶ್ರದ್ಧೆಯಿಂದ ಪರೀಕ್ಷಿಸಿದವರೆಂದರೆ ಆ ಜೋಳದ ಹುಳುಗಳೇ ಮೊದಲಿಗರು.

ಪಕ್ಕಕ್ಕೆ ಬಂದು ನಿಂತ ಅಧ್ಯಕ್ಷರನ್ನು ಅವನು ಮೆಲ್ಲಗೆ ಕೇಳಿದ, “ಈ ಪೆಟ್ಟಿಗೆ ಅಲ್ಲಿ ಬಿಚ್ಚಿದ್ರಾ ಸಾರ್?”

“ಬಿಚ್ಚದೆ ವರದಿ ಬರೀತಾರೇನ್ರಿ?” ಎಂದು ಅವರು ಅವನ ಹೆಗಲ ಮೇಲೆ ಕೈಹಾಕಿದರು. ಸಂಘ ಇನ್ನೂ ಎರಡು ದೇಶಗಳಲ್ಲಿ ಅವಕಾಶಗಳನ್ನು ಕಂಡುಹಿಡಿದಿತ್ತು. ಅವು ಇನ್ನೂ ದೂರದವು. ವರ್ಷಕ್ಕೆ ಇನ್ನೂರು ಪೆಟ್ಟಿಗೆ ಬೇಕಾದಾವು, ಎಲ್ಲವೂ ಅವನಿಗೇ. ಇನ್ನೂರು ಪೆಟ್ಟಿಗೆಯೆಂದರೆ ಎರಡು ಸಾವಿರದ ನಾನೂರು ಸ್ಕ್ರೂ, ಎಲ್ಲದರ ಗೀಟೂ ನೆಟ್ಟಗೆ ಹೋಗಿ ನೆಟ್ಟಗೆ ಬರುವಂಥವು ಎಂದು ಪೆಟ್ಟಿಗೆಯಣ್ಣ ಲೆಕ್ಕ ಹಾಕಿದ.

ಅತ್ತ ಮೇಜಿನ ಬಳಿ ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದು ತಂಗಿಗೆ ಕೊಟ್ಟರು. ಕಾಗದಕ್ಕೆ ಗ್ರೀಸು ತಾಗದಿರಲೆಂದು ಅವಳು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದಳು.

“ಮರಾನೂ ನಾವೇ ಕೊಡಿಸ್ತೀವಿ,” ಅಧ್ಯಕ್ಷರು ಹೇಳುತ್ತಿದ್ದರು. “ನೀವು ಬರೀ ಹೂಂ ಅನ್ನಿ ಸಾಕು. ಮುಂದಿನ ತಿಂಗಳು ನಮ್ಮ ನಿಯೋಗ ಹೊರಡೋವಾಗ ನಿಮ್ಮನ್ನೂ…”

ಪೆಟ್ಟಿಗೆಯಣ್ಣ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಹೆಗಲ ಮೇಲಿನ ಕೈ ಜಾರಿ ಕೆಳಗೆ ಬಿತ್ತು.

“ಪೆನ್ನು ಇಡು ತಂಗೀ,” ಎಂದ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಪೆಟ್ಟಿಗೆಯತ್ತ ನಡೆಯುತ್ತಾ. “ಬಂದು ನಿನ್ನ ತೆನೆ ಎಣಿಸ್ಕೋ.”