ಕಷಾಯ ಮೊದಲೋ, ರೇಟು ಮೊದಲೋ

ಮಿಡಿಗೇಶಿ ಹತ್ತಿರದ ಹಳ್ಳಿಯೊಂದಕ್ಕೆ ಹುಣಸೆಹಣ್ಣು ಕೊಳ್ಳಲು ಹೋಗಿದ್ದೆ. ದಾರಿಯಲ್ಲಿ ತಿಂದ ಬೋಂಡ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು. ಹಣ್ಣಿನ ಯಜಮಾನ ತಿಮ್ಮಣ್ಣ ನನ್ನ ಮುಖ ನೋಡಿದವನೇ ಗೋಡೆಗೆ ಒರಗಿ ಆರಾಮಾಗಿ ಕೂತ. ಹೇಳಿದ ರೇಟು ದುಬಾರಿ, ಇಳಿಸುವ ಮಾತೇ ಇಲ್ಲ. ನೋವು ತಡೆಯಲಾರದೆ ಇನ್ನೇನು ಒಪ್ಪಿಕೊಂಡು ಏಳಬೇಕು, ಅಷ್ಟರಲ್ಲಿ ಅವನ ಹೆಂಡತಿ ಓಮ, ಜೀರಿಗೆ, ಶುಂಠಿ ಕುದಿಸಿದ ಕಷಾಯ ತಂದಿಟ್ಟರು.

“ಲೇ, ವ್ಯಾಪಾರ ಮುಗೀಲಿ, ಆಮ್ಯಾಕೆ ಕೊಡು ಅಂದಿದ್ನಲ್ಲೇ!” ತಿಮ್ಮಣ್ಣ ಸಿಡುಕಿದ.

“ಹೊಟ್ಟೆನೋವಿಗೂ ರೇಟಿಗೂ ಏನ್ ಸಂಬಂಧ, ಬುಡು. ನೀವು ಕುಡೀರಿ ಸಾವ್ಕಾರ್ರೆ.”

ಸಂಬಂಧ ಏನೆಂದು ನನಗೂ ತಿಮ್ಮಣ್ಣನಿಗೂ ಗೊತ್ತಿತ್ತು. ಬಸ್ಸಿಗೆ ಹೊತ್ತಾಯಿತೆಂದು ಚಡಪಡಿಸುವ ಮಾರಾಟಗಾರರ ಮುಂದೆ ನಾನೂ ಹೀಗೇ ಆರಾಮಾಗಿ ಕೂತವನೇ.

ಬಿಸಿಬಿಸಿಯಾಗಿ ಕುಡಿದೆ. ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಕೇಳುವಂಥ ತೇಗು ಬಂತು. ತಿಮ್ಮಣ್ಣ ಗೋಡೆ ಬಿಟ್ಟು ನೆಟ್ಟಗೆ ಕೂತ.

“ಈಗ ಹೇಳಪ್ಪ ತಿಮ್ಮಣ್ಣ, ರೇಟು.”

“ಇನ್ ನಾನೇನ್ ಹೇಳಾದು, ನೀವೇ ಹೇಳಿ,” ಅಂದ, ಹೆಂಡತಿಯನ್ನು ದುರುಗುಟ್ಟಿ ನೋಡುತ್ತಾ.

ಇಬ್ಬರಿಗೂ ಒಗ್ಗುವ ರೇಟಿಗೆ ಮುಗಿಯಿತು. ಈಗ ಆ ಕಡೆ ಹೊರಟರೆ ಮನೆಯಲ್ಲೇ ಕಷಾಯ ಕುಡಿದು ಹೊರಡುತ್ತೇನೆ. ಆದರೂ ಜಗಲಿ ಹತ್ತುವಾಗ ಒಮ್ಮೆ ಹೊಟ್ಟೆ ಹಿಡಿದುಕೊಳ್ಳುತ್ತೇನೆ. ಗೆದ್ದೆ ಅಂದುಕೊಂಡವನು ಚೌಕಾಸಿಗೆ ತಯಾರಾಗಿರುವುದಿಲ್ಲ.