ಕಪ್ಪು ಪರದೆಯ ಮೇಲೆ ರಾಮ

ನಮ್ಮ ಮನೆಯಲ್ಲಿ ವೋಲ್ಟೇಜ್ ಅಳೆಯುವ ಉಪಕರಣವಿಲ್ಲ, ಮಿಕ್ಸಿ ಇದೆ. ಚಟ್ನಿ ರುಬ್ಬುವಾಗ ಅದರ ಶ್ರುತಿ ಎಳ್ಳಷ್ಟು ಇಳಿದರೂ, ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಯಾರೋ ಗೀಸರ್ ಹಾಕಿದರೆಂದು ನನ್ನ ಕಿವಿಗೆ ತಿಳಿದುಬಿಡುತ್ತದೆ. ಎಳವೆಯಲ್ಲಿ ಸಂಗೀತಪಾಠಕ್ಕೆ ಹೋಗಿ, ಗುರುಗಳೇ ಕೈಮುಗಿದು ಮನೆಗೆ ಕಳಿಸಿದ ಈ ಕಂಠಕ್ಕೆ ಭಗವಂತ ಮಿಕ್ಸಿಯ ಮಟ್ಟಿಗಾದರೂ ಶ್ರುತಿಜ್ಞಾನವನ್ನು ಉಳಿಸಿದನಲ್ಲ ಎಂದು, ಅದನ್ನೂ ಅವನ ಸಣ್ಣಪುಟ್ಟ ಕೃಪೆಗಳ ಸಾಲಿಗೆ ಸೇರಿಸಿಕೊಂಡಿದ್ದೇನೆ.

ಅತ್ತೆಯವರಿಗೆ ಆಕ್ಸಿಜನ್ ಮಷಿನ್ ಬಂದಮೇಲೆ ಈ ವಿದ್ಯೆಗೆ ವಿನೋದದ ಸೊಗಸು ಉಳಿಯಲಿಲ್ಲ. ಕೋಣೆಯ ಗಾಳಿಯನ್ನೇ ಸೋಸಿ ಪ್ರಾಣವಾಯು ಮಾಡಿಕೊಡುವ ಪೆಟ್ಟಿಗೆ ಅದು. ಹಗಲಿರುಳೂ ಬುಸ್ಸೆಂದು ನಿಟ್ಟುಸಿರು ಬಿಡುತ್ತ ಕೂತಿರುತ್ತದೆ. ವೋಲ್ಟೇಜ್ ತೀರ ಕುಸಿದರೆ ಕಿರುಚಿಕೊಂಡು ನಿಂತುಬಿಡುತ್ತದೆ. ಆಮೇಲೆ ಮೂಲೆಯಲ್ಲಿರುವ ಸಣ್ಣ ಸಿಲಿಂಡರೇ ಗತಿ, ಅದೂ ಸ್ವಲ್ಪ ಹೊತ್ತಿಗೆ.

ಹೀಗಿರುವಾಗ ರಾಮನವಮಿ ಬಂತು. ಬೀದಿಯ ಪುಟ್ಟ ರಾಮಮಂದಿರದ ಪಕ್ಕದಲ್ಲಿ, ಸರಿಯಾಗಿ ನಮ್ಮ ಕಿಟಕಿಯ ಎದುರಿಗೆ, ಭಜನಾ ಮಂಡಳಿಯವರು ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ ನಿಲ್ಲಿಸಿದರು. ನಡುವೆ ಗರ್ಭಗುಡಿಯ ನೇರ ದೃಶ್ಯ, ಸುತ್ತಲೂ ಬಿಳಿಯ ಹಿನ್ನೆಲೆಯಲ್ಲಿ ಕೆಂಪಕ್ಷರದ ಭಜನೆ. ಜನರೇಟರಿನ ಹೊಗೆ ಅತ್ತೆಯವರಿಗೆ ಆಗದೆಂದು ನಾವೇ ಕೇಳಿಕೊಂಡಿದ್ದರಿಂದ, ಅವರು ಅದನ್ನು ವಾಪಸು ಕಳಿಸಿ, ನಮ್ಮ ಮನೆಗೆ ಕರೆಂಟು ಕೊಡುವ ಕಂಬದಿಂದಲೇ ಪರದೆಗೂ ಎಳೆಸಿಕೊಂಡಿದ್ದರು. ಉಪಕಾರವು ಉಪದ್ರವದ ಮನೆಗೆ ಇಷ್ಟು ಹತ್ತಿರದ ನೆಂಟನೆಂದು ಯಾರಿಗೆ ಗೊತ್ತಿತ್ತು?

ಸಂಜೆ ಪರದೆ ಹೊತ್ತಿಕೊಂಡಾಗ ಬೀದಿಗೆ ಬೀದಿಯೇ ಬೆಳ್ಳಗಾಯಿತು. ಗೂಡು ಸೇರಿದ್ದ ಕಾಗೆಗಳು ಮತ್ತೆ ಬೆಳಗಾಯಿತೆಂದು ಕೂಗತೊಡಗಿದವು. ಅದೇ ಹೊತ್ತಿಗೆ ನಮ್ಮ ಫ್ಯಾನು ಸುಸ್ತಾದವರಂತೆ ತಿರುಗಿತು. ಮಷಿನ್ ಕಿರುಚಿತು. ನಿಂತಿತು. ಅತ್ತೆಯ ಮೂಗಿನ ನಳಿಗೆಯನ್ನು ಸಿಲಿಂಡರಿಗೆ ಸಿಕ್ಕಿಸಿದೆ. ಅದರ ಮೀಟರಿನ ಮುಳ್ಳು ಆಗಲೇ ಕೆಂಪಿನ ಕಡೆಗೆ ವಾಲಿತ್ತು. ಯಜಮಾನರು ಮೈಸೂರು ರಸ್ತೆಯ ಟ್ರಾಫಿಕ್‌ನಲ್ಲಿ. ಪಕ್ಕದ ಮನೆಯ ನಸೀಮಾ ನನ್ನ ಕೂಗಿಗೆ ಓಡಿಬಂದು, “ಅಮ್ಮಾವ್ರ ಹತ್ರ ನಾನಿರ್ತೀನಿ, ನೀವು ಓಡಿ” ಎಂದಳು.

ಅತ್ತೆ ನನ್ನ ಸೆರಗು ಹಿಡಿದುಕೊಂಡರು. “ಪರದೆ ಆರಿಸ್ಬೇಡ ಕಣೇ. ಇಲ್ಲಿಂದ್ಲೇ ನಂಗೆ ರಾಮ.”

“ಉಸಿರು ಬೇಡ್ವಾ ಅತ್ತೆ?”

“ಎರಡೂ ಬೇಕು. ಹೋಗಿ ಕೇಳು.”

ಮಂಡಳಿಯ ಕಾರ್ಯದರ್ಶಿ ಗುಂಡಣ್ಣನವರು ಪಾನಕ ಹಂಚುತ್ತಿದ್ದರು. ವಿಷಯ ಕಿವಿಗೆ ಬಿದ್ದದ್ದೇ, “ಅಯ್ಯಯ್ಯೋ, ಆಫ್ ಮಾಡ್ರಪ್ಪಾ!” ಎಂದು ಕೂಗಿದರು.

“ಆರಿಸ್ಬೇಡಿ, ಅತ್ತೆಗೆ ರಾಮ ಬೇಕಂತೆ. ಬೆಳಕು ತಗ್ಗಿಸಿ, ಸಾಕು.”

“ಅತ್ತೆ ಸೊಸೆ ಮೊದ್ಲು ಒಂದು ಮಾತಿಗೆ ಬನ್ರಮ್ಮಾ!”

ಪರದೆ ನೋಡಿಕೊಳ್ಳುವಾತ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. “ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸ್ತೀನಿ ಸರ್. ಆದ್ರೆ ಕರೆಂಟ್ ಕುಡೀತಿರೋದು ಈ ಬಿಳಿ ಹಿನ್ನೆಲೆ. ಬಿಳಿ ಬರ್ಬೇಕಂದ್ರೆ ಕೆಂಪು, ಹಸಿರು, ನೀಲಿ ಮೂರೂ ಉರೀಬೇಕು. ಕಪ್ಪು ಹಾಕಿದ್ರೆ ಅಲ್ಲಿ ಏನೂ ಉರಿಯಲ್ಲ.”

“ಕಪ್ಪಾ?” ಗುಂಡಣ್ಣನವರ ಕೈಯ ಪಾನಕ ತುಳುಕಿತು. “ನವಮಿ ದಿನ ರಾಮನ ಸುತ್ತ ಕಪ್ಪು ಬಳೀತೀಯೇನಯ್ಯಾ? ನೀವೇ ಹೇಳ್ರಮ್ಮಾ, ಮುಹೂರ್ತಕ್ಕೆ ಕಪ್ಪು ಸೀರೆ ಉಟ್ಕೊಂಡು ಬಂದ್ರೆ ಸುಮ್ನಿರ್ತೀರಾ?”

ಸುಮ್ಮನಿರುವವಳಲ್ಲ ನಾನು. ಹಬ್ಬದ ದಿನ ಕಪ್ಪು ರಿಬ್ಬನ್ನನ್ನೂ ಸೈರಿಸದವಳು. ಒಳಗೆ ಸಿಲಿಂಡರಿನ ಮುಳ್ಳು ಇಳಿಯುತ್ತಿದೆ. ಹೊರಗೆ ನಾನು ಇಷ್ಟು ವರ್ಷ ನಿಷ್ಠೆಯಿಂದ ಕಾಪಾಡಿಕೊಂಡು ಬಂದ ಮಡಿಯೇ ನನಗೆ ಅಡ್ಡ ನಿಂತಿದೆ. ರಾಮಾ, ದಾರಿ ತೋರಿಸು ಎಂದು ಮಂದಿರದತ್ತ ತಿರುಗಿದೆ. ಬಾಗಿಲು ತೆರೆದಿತ್ತು. ದೀಪದ ಹೊಗೆ ಕುಡಿದು ಕಪ್ಪಾದ ಗೋಡೆ, ಅದಕ್ಕಿಂತ ಕಪ್ಪಾದ ಕಲ್ಲಿನ ಮೂರ್ತಿ, ಒಂದೇ ಒಂದು ನಂದಾದೀಪ. ಆ ಕುಡಿಬೆಳಕಿನಲ್ಲಿ ಮೊದಲು ಕಣ್ಣು, ಆಮೇಲೆ ಕಿರೀಟ, ಆಮೇಲೆ ನಿಧಾನವಾಗಿ ಇಡೀ ರಾಮ.

“ಗುಂಡಣ್ಣನವ್ರೇ, ಒಳಗೆ ಅವನ ಸುತ್ತ ಯಾವ ಬಣ್ಣ ಇದೆ, ಒಂದ್ಸಲ ನೋಡಿ.”

ಅವರು ತಿರುಗಿ ನೋಡಿದರು. ನೋಡುತ್ತಲೇ ನಿಂತರು. ಕೊನೆಗೆ ಪಾನಕದ ಲೋಟ ಕೆಳಗಿಟ್ಟು, ಎಂದಿನ ಏರುದನಿ ಬಿಟ್ಟು ಮೆಲ್ಲಗೆ, “ಹಾಕಪ್ಪಾ ಕಪ್ಪು,” ಎಂದರು. ಕಾರ್ಯದರ್ಶಿಯ ಗತ್ತು ಪೂರ್ತಿ ಹೋಗಬಾರದೆಂದೋ ಏನೋ, “ಅಕ್ಷರ ಮಾತ್ರ ಅರಿಶಿನದ ಬಣ್ಣ ಇರ್ಲಿ” ಎಂದು ಸೇರಿಸಿದರು.

ಪರದೆ ಹೇಗಾಯಿತೆಂದು ನೋಡಲು ನಾನು ನಿಲ್ಲಲಿಲ್ಲ. ಓಡಿಬಂದು ಮಷಿನ್ನಿನ ಗುಂಡಿ ಒತ್ತಿದೆ. ಕಿರುಚಿತು. ಮತ್ತೆ ಒತ್ತಿದೆ. ನಸೀಮಾಳ ತುಟಿ ಅಲುಗುತ್ತಿತ್ತು, ನನ್ನದೂ. ಇಬ್ಬರ ಪ್ರಾರ್ಥನೆಯೂ ಒಂದೇ ಪ್ಲಗ್ಗಿನ ಮುಂದೆ. ತಲೆಯ ಮೇಲೆ ಫ್ಯಾನು ಚುರುಕಾಯಿತು. ಹಸಿರು ದೀಪ ಹತ್ತಿತು. ಬುಸ್ಸೆಂದು ಪೆಟ್ಟಿಗೆ ಉಸಿರುಬಿಟ್ಟಾಗ, ಅಷ್ಟು ಹೊತ್ತೂ ನಾನೂ ಉಸಿರು ಹಿಡಿದೇ ಇದ್ದೆನೆಂದು ತಿಳಿಯಿತು. ನಳಿಗೆಯನ್ನು ಮಷಿನ್ನಿಗೆ ಬದಲಿಸಿ, ಅತ್ತೆಯ ಪಾದದ ಬಳಿ ನೆಲದ ಮೇಲೆ ಕುಸಿದೆ.

ಅತ್ತೆ ಕಿಟಕಿಯತ್ತ ಕತ್ತು ಚಾಚಿದ್ದರು. “ಇಷ್ಟೊತ್ತೂ ಬರೀ ಬೆಳಕು ಕಾಣ್ಸ್ತಿತ್ತು ಕಣೇ. ಈಗ ರಾಮ ಕಾಣ್ತಿದಾನೆ.” ನನ್ನ ಕಣ್ಣು ತುಂಬಿತು. ತುಂಬಿದ್ದು ಉದುರುವ ಮೊದಲೇ ಮುಂದಿನ ಮಾತೂ ಬಂತು: “ಕಿರೀಟದ ಹೂವು ಬಾಡಿದೆ ನೋಡು. ಬದಲಾಯಿಸೋಕೆ ಹೇಳಿ ಬಾ, ಹೋಗು.”

ಹೋದೆ. ಗುಂಡಣ್ಣನವರು ನನ್ನನ್ನು ಕಂಡು ಎರಡೂ ಕೈ ತಲೆಯ ಮೇಲೆ ಹೊತ್ತರು. ಆದರೂ ಹೂವು ಬದಲಾಯಿತು.

ಮರುದಿನದಿಂದ ನಮ್ಮ ದೇವರ ಮನೆಯ ಮಿಣಮಿಣ ಸರದೀಪಗಳನ್ನು ಬಿಚ್ಚಿಟ್ಟು, ಒಂದೇ ಎಣ್ಣೆದೀಪ ಉಳಿಸಿಕೊಂಡಿದ್ದೇನೆ, ಉಳಿತಾಯಕ್ಕಲ್ಲ, ದರ್ಶನಕ್ಕೆ. ಮಿಕ್ಸಿ ಈಗಲೂ ನನ್ನ ತಂಬೂರಿಯೇ. ಆದರೆ ಚಟ್ನಿ ನುಣ್ಣಗಾಗುವ ಮೊದಲೇ ಒಮ್ಮೆ ಅದನ್ನು ನಿಲ್ಲಿಸುತ್ತೇನೆ. ಅಡುಗೆಮನೆಯ ಆ ಮೌನದೊಳಗೆ, ಪಕ್ಕದ ಕೋಣೆಯಿಂದ ಬುಸ್ಸೆನ್ನುವ ನಿಟ್ಟುಸಿರು ಕೇಳಿಸುತ್ತದೆ. ಕೇಳಿಸಿದಮೇಲೆ ಮತ್ತೆ ಗುಂಡಿ ತಿರುಗಿಸುತ್ತೇನೆ. ಚಟ್ನಿ ಕೊಂಚ ತರಿತರಿಯಾಗಿದೆಯೆಂದು ಅತ್ತೆ ಗೊಣಗುತ್ತಾರೆ. ಗೊಣಗಲಿ, ಅದಕ್ಕೂ ಉಸಿರು ಬೇಕು.